ಒಂದೇ ಹೆಸರಿನ ಇಬ್ಬರು

ಸಕಲೇಶಪುರದ ಬ್ಯಾಂಕ್ ಶಾಖೆಗೆ ವರ್ಗವಾದಾಗ ನನಗೆ ಖುಷಿಯಾಗಿತ್ತು. ನಾನು ಹುಟ್ಟಿ ಬೆಳೆದದ್ದು ವನಗೂರಿನ ಕಡೆಯ ಒಂದು ಕಾಫಿ ಎಸ್ಟೇಟಿನ ಆಳುಗಳ ಲೈನ್ ಮನೆಗಳ ಪಕ್ಕದಲ್ಲಿ. ಅಜ್ಜ ಮಂಗಳೂರಿನ ಕಡೆಯಿಂದ ಘಟ್ಟ ಹತ್ತಿ ಬಂದವರು. ಅಪ್ಪ ಆ ಎಸ್ಟೇಟಿನ ರೈಟರ್. ಬೆಳಿಗ್ಗೆ ಆಳುಗಳ ಹಾಜರಿ ಕೂಗುವುದು, ಸಂಜೆ ಸ್ಟೋರಿನ ಬೀಗ ಹಾಕುವುದು, ಭಾನುವಾರ ಇಗರ್ಜಿಗೆ ಹೋಗುವುದು, ಇಷ್ಟೇ ಅವರ ಬದುಕು. ಹತ್ತೊಂಬತ್ತು ವರ್ಷ ಬೇರೆ ಬೇರೆ ಊರಿನ ಶಾಖೆಗಳಲ್ಲಿ ಅಪರಿಚಿತರ ಮುಖ ನೋಡಿ ಬೇಸತ್ತಿದ್ದ ನನಗೆ, ಕೌಂಟರಿನಾಚೆ ನಿಂತವರಲ್ಲಿ ಅರ್ಧ ಜನ ಗೊತ್ತಿರುವವರೇ ಎಂಬುದು ದೊಡ್ಡ ಸಮಾಧಾನವೆನಿಸಿತು. ಗೊತ್ತಿರುವುದು ಯಾವ ಕೆಲಸಕ್ಕೂ ಬರುವುದಿಲ್ಲವೆಂದು ಆಗ ನನಗೆ ತಿಳಿದಿರಲಿಲ್ಲ.

ಬಂದ ಮೊದಲ ವಾರವೇ ಕಾಕ ಸಿಕ್ಕಿದರು. ಅವರು ವನಗೂರಿಗೂ ಸಕಲೇಶಪುರಕ್ಕೂ ನಡುವೆ ಜೀಪ್ ಓಡಿಸುತ್ತಿದ್ದವರು. ಮಲಬಾರಿನ ಕಡೆಯಿಂದ ಬಂದ ಮುಸಲ್ಮಾನರ ಮನೆತನ. ಎಸ್ಟೇಟಿನ ಮಕ್ಕಳೆಲ್ಲ ಅವರನ್ನು ಕಾಕ ಎಂದೇ ಕರೆಯುತ್ತಿದ್ದೆವು, ಹುಡುಗಿಯರನ್ನೂ ಅವರು ಮಗ ಎಂದೇ ಕರೆಯುತ್ತಿದ್ದರು. ಹೈಸ್ಕೂಲಿಗೆ ನನ್ನನ್ನು ಮೂರು ವರ್ಷ ಕರೆದುಕೊಂಡು ಹೋದದ್ದು ಅವರ ಜೀಪು. ಹಿಂದಿನ ಸೀಟಿನಲ್ಲಿ ಗಂಡಸರು ಹೆಚ್ಚಾದರೆ ನನ್ನನ್ನು ಮುಂದೆ ತಮ್ಮ ಪಕ್ಕಕ್ಕೆ ಕೂರಿಸಿಕೊಳ್ಳುತ್ತಿದ್ದರು. ಅಪ್ಪನಿಗೆ ಸ್ಟೋರಿನಲ್ಲಿ ಎದೆನೋವು ಬಂದು ಕುಸಿದ ದಿನ, ಆ ಕಡಿದಾದ ಇಳಿಜಾರಿನಲ್ಲಿ ಅರ್ಧ ಗಂಟೆಯೊಳಗೆ ಆಸ್ಪತ್ರೆ ಮುಟ್ಟಿಸಿದವರೂ ಅವರೇ. ಅಪ್ಪ ಅದಾದ ಮೇಲೆ ಒಂಬತ್ತು ವರ್ಷ ಬದುಕಿದರು.

"ಮಗ, ನೀನು ಇಲ್ಲಿಗೇ ಬಂದ್ಬುಟ್ಟ್ಯಾ?" ಎಂದು ಕೌಂಟರಿನ ಗಾಜಿಗೆ ಮುಖವಿಟ್ಟು ನಕ್ಕರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಮಾತಿನ ಮಧ್ಯೆ, ತಾನು ಮತ್ತು ಹೆಂಡತಿ ಹಜ್ ಯಾತ್ರೆಗೆ ಅರ್ಜಿ ಹಾಕಿದ್ದೇವೆಂದರು. ಮಕ್ಕಳಿಲ್ಲದ ದಂಪತಿ. ಮದುವೆಯಾದ ವರ್ಷದಿಂದಲೂ ಹೆಂಡತಿಗೆ ಅದೊಂದೇ ಆಸೆಯಂತೆ. ಅರ್ಜಿಗಾಗಿಯೇ ಇಬ್ಬರೂ ಮೊದಲ ಸಲ ಪಾಸ್‌ಪೋರ್ಟ್ ಮಾಡಿಸಿದ್ದರು.

ಕೆಲವು ತಿಂಗಳ ನಂತರ ಯಾತ್ರಿಕರನ್ನು ಆರಿಸಲು ಚೀಟಿ ಎತ್ತಿದಾಗ ಇಬ್ಬರ ಹೆಸರೂ ಬಂತು. ಯಾತ್ರೆಯ ಹಣ ಕಟ್ಟಲು ಬಂದ ದಿನ ಇಬ್ಬರೂ ಒಟ್ಟಿಗೆ ಬಂದರು. ಆಕೆ ಆಲೂರಿನ ಕಡೆಯವರು, ಮಾತು ಕಡಿಮೆ. ಮೆಟ್ಟಿಲು ಹತ್ತಿ ಬಂದದ್ದಕ್ಕೇ ಉಸಿರು ಮೇಲುಸಿರಾಗಿತ್ತು. ಬೆಂಚಿನ ಮೇಲೆ ಕುಳಿತು ನನ್ನನ್ನೇ ನೋಡಿ ನಗುತ್ತಿದ್ದರು.

ಕಾಕನ ಪಾಸ್‌ಬುಕ್ಕಿನಲ್ಲಿ ಹೆಸರು ಚಿಕ್ಕದಾಗಿತ್ತು, ಊರವರು ಕರೆಯುವ ಹೆಸರು. ಪಾಸ್‌ಪೋರ್ಟಿನಲ್ಲಿ ಮಾತ್ರ ಅವರ ಹೆಸರಿಗೆ ತಂದೆಯ ಹೆಸರೂ ಸೇರಿ ಉದ್ದವಾಗಿತ್ತು.

"ಕಾಕ, ಎರಡೂ ಕಡೆ ಹೆಸರು ಒಂದೇ ಥರ ಇರ್ಲಿ. ಮುಂದೆ ಯಾರಾದ್ರೂ ತಕರಾರು ತೆಗೀಬಾರ್ದು. ಇವತ್ತೇ ಬದಲಾಯಿಸಿಬಿಡ್ತೀನಿ" ಎಂದೆ.

"ನಿಂಗೆ ಹೆಂಗೆ ಸರಿ ಅನ್ಸುತ್ತೋ ಹಂಗೆ ಮಾಡು ಮಗ" ಎಂದು ಸಹಿ ಹಾಕಿದರು.

ಆ ಬುದ್ಧಿ ಹೇಳಿದ್ದು ನಾನು. ಯಾರೂ ಕೇಳಿರಲಿಲ್ಲ.

ಹೊಸ ಹೆಸರನ್ನು ಕಂಪ್ಯೂಟರಿಗೆ ತುಂಬಿ, ಪಾಸ್‌ಪೋರ್ಟಿನಲ್ಲಿದ್ದ ಹುಟ್ಟಿದ ದಿನಾಂಕವನ್ನೂ ತುಂಬಿದೆ. ಜನವರಿ ಒಂದು. ತಮ್ಮ ಹುಟ್ಟಿದ ದಿನ ಅವರಿಗೆ ಗೊತ್ತಿರಲಿಲ್ಲ. ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರು ಅಂದಾಜಿನ ಮೇಲೆ ಬರೆದ ದಿನ ಅದು. ಹಣ ಕಳಿಸುವ ಗುಂಡಿ ಒತ್ತಿದೆ. ಹಣ ಹೋಗಲಿಲ್ಲ. ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ಒಂದು ಸಾಲು ಬಂತು.

ಆ ಸಾಲಿನ ಅರ್ಥ ನನಗೆ ಗೊತ್ತಿತ್ತು. ಶಾಖೆಯಲ್ಲಿ ಅಂಥ ಎಚ್ಚರಿಕೆಗಳನ್ನು ಪರಿಶೀಲಿಸುವುದು ನನ್ನ ಕೆಲಸಗಳಲ್ಲೊಂದು. ಬಂದೂಕು ಹಿಡಿದ ಉಗ್ರರ ಗುಂಪುಗಳಿಗೆ ಹಣ, ಆಯುಧ, ಪ್ರಯಾಣ ಯಾವುದೂ ಸಿಗಬಾರದೆಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಒಂದು ಪಟ್ಟಿ ಇಟ್ಟಿದೆ. ನ್ಯೂಯಾರ್ಕಿನಲ್ಲಿ ಅದಕ್ಕೊಂದು ಸಮಿತಿಯಿದೆ. ಗುಂಪುಗಳ ಬೆನ್ನು ಹತ್ತಿ ವರದಿ ಬರೆಯುವ ತಜ್ಞರ ತಂಡವಿದೆ. ಸಮಿತಿ ಒಂದು ಹೆಸರು ಸೇರಿಸಿದರೆ ಅದು ದೆಹಲಿಗೆ ಬರುತ್ತದೆ, ಅಲ್ಲಿಂದ ಎಲ್ಲ ಬ್ಯಾಂಕುಗಳ ಮುಖ್ಯ ಕಚೇರಿಗಳಿಗೆ, ಕೊನೆಗೆ ಹೇಮಾವತಿಯ ದಡದಲ್ಲಿರುವ ನಮ್ಮ ಕಂಪ್ಯೂಟರಿಗೂ. ದಿನವೂ ಯಂತ್ರ ನಮ್ಮ ಗ್ರಾಹಕರ ಹೆಸರನ್ನೆಲ್ಲ ಆ ಪಟ್ಟಿಯ ಜೊತೆ ಹೋಲಿಸುತ್ತದೆ. ಸಾಮಾನ್ಯವಾಗಿ ಏಳುವ ಎಚ್ಚರಿಕೆಗಳು ಹುರುಳಿಲ್ಲದವು. ವಯಸ್ಸೋ ತಂದೆಯ ಹೆಸರೋ ಬೇರೆಯಿರುತ್ತದೆ, ಕಾರಣ ಬರೆದು ಮುಚ್ಚುತ್ತೇವೆ. ಇಲ್ಲಿ ಹೆಸರು ಒಂದೇ, ತಂದೆಯ ಹೆಸರು ಒಂದೇ, ಹುಟ್ಟಿದ ವರ್ಷ ಒಂದೇ. ಆ ಇನ್ನೊಬ್ಬನಿಗೂ ಯಾರೋ ಜನವರಿ ಒಂದು ಎಂದೇ ಬರೆದಿದ್ದರು. ಹುಟ್ಟಿದ ಊರು, ಪಾಸ್‌ಪೋರ್ಟ್ ಸಂಖ್ಯೆ, ಫೋಟೋ ಇರಬೇಕಾದ ಕಡೆಯಲ್ಲೆಲ್ಲ 'ಲಭ್ಯವಿಲ್ಲ' ಎಂದಿತ್ತು.

ಇಷ್ಟೆಲ್ಲ ಹೊಂದಿದರೆ ಶಾಖೆಯವರು ಮುಚ್ಚುವಂತಿಲ್ಲ. ಖಾತೆಯನ್ನು ತಡೆಹಿಡಿದು ಮೇಲಕ್ಕೆ ಕಳಿಸಬೇಕು. ಅಲ್ಲಿಂದ ಸರ್ಕಾರ, ಸರ್ಕಾರದಿಂದ ಪೊಲೀಸರು, ಪೊಲೀಸರಿಂದ ತಿರುಗಿ ಸರ್ಕಾರ. ಕಾರಣವನ್ನು ಗ್ರಾಹಕರಿಗೆ ಹೇಳಬಾರದೆಂದು ಮುಖ್ಯ ಕಚೇರಿಯ ಆದೇಶ.

ಷರಾ ಬರೆಯುವ ಜಾಗದಲ್ಲಿ, "ಈ ವ್ಯಕ್ತಿಯನ್ನು ನಾನು ಚಿಕ್ಕಂದಿನಿಂದ ಬಲ್ಲೆ. ಜೀಪ್ ಚಾಲಕರು. ಈ ತಾಲ್ಲೂಕು ಬಿಟ್ಟು ಬೇರೆಡೆ ವಾಸವಿದ್ದವರಲ್ಲ" ಎಂದು ಬರೆದು ಮ್ಯಾನೇಜರಿಗೆ ತೋರಿಸಿದೆ. ಅವರು ಕೆಟ್ಟವರಲ್ಲ, ಭಯದ ಮನುಷ್ಯ.

"ಇದನ್ನ ಅಳಿಸಿ ಮೇಡಂ" ಎಂದರು.

"ಸತ್ಯ ತಾನೇ ಸರ್?"

"ನಿಮಗೆ ಗೊತ್ತಿರೋದು ದಾಖಲೆ ಅಲ್ಲ ಕಣ್ರೀ. ನಾಳೆ ತನಿಖೆ ಅಂತ ಬಂದ್ರೆ, ಪರಿಚಯ ಇಟ್ಕೊಂಡು ಬರೆದ್ರು ಅಂತ ನಿಮ್ಮ ಮೇಲೇ ಬರುತ್ತೆ. ನನ್ನ ಮೇಲೂ ಬರುತ್ತೆ. ಇದು ಸಾಲದ ಅರ್ಜಿ ಅಲ್ಲ, ಉಗ್ರರ ಪಟ್ಟಿ."

ನಾನು ಅಳಿಸಿದೆ. ಹೆಚ್ಚು ಹೊತ್ತು ಯೋಚಿಸಿದೆ ಎಂದು ಹೇಳಿಕೊಳ್ಳಲು ಇಷ್ಟವಾಗುತ್ತದೆ, ಆದರೆ ಯೋಚಿಸಲಿಲ್ಲ. ಕೆಲಸ ಹೋದೀತೆಂಬ ಹೆದರಿಕೆ ನನಗೂ ಇತ್ತು. ಆಮೇಲೆ ಹೊರಗೆ ಬಂದು, ಬೆಂಚಿನ ಮೇಲೆ ಕುಳಿತಿದ್ದ ಇಬ್ಬರಿಗೂ, "ಕಂಪ್ಯೂಟರ್ ಕೆಟ್ಟಿದೆ ಕಾಕ, ನಾಳೆ ನಾಡಿದ್ದು ಆಗುತ್ತೆ" ಎಂದೆ.

"ಕೊನೇ ದಿನಕ್ಕೆ ಇನ್ನೂ ಹತ್ತು ದಿನ ಐತೆ, ಗಾಬರಿ ಏನಿಲ್ಲ ಬಿಡು" ಎಂದು ಅವರೇ ನನಗೆ ಸಮಾಧಾನ ಹೇಳಿ ಹೋದರು.

ಮರುದಿನ ಬಂದರು. ಅದರ ಮರುದಿನವೂ. ಜೀಪನ್ನು ಬ್ಯಾಂಕಿನೆದುರು ನಿಲ್ಲಿಸಿ, ಹಾರನ್ ಹೊಡೆಯದೆ, ಒಳಗೆ ಬಂದು ಗಾಜಿನಾಚೆ ನಿಲ್ಲುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ. ಐದನೆಯ ದಿನದಿಂದ ನಾನು ಅವರ ಜೀಪಿನ ಸದ್ದು ಕೇಳಿದರೆ ಒಳಗಿನ ಕೋಣೆಗೆ ಹೋಗಿ ಕಡತ ಹುಡುಕುವವಳಂತೆ ನಿಲ್ಲುತ್ತಿದ್ದೆ. ಬೇರೆಯವರ ಹತ್ತಿರ ಕೈಗಡ ತೆಗೆದು ಕಟ್ಟಿಬಿಡಿ ಎಂದು ಹೇಳಬಹುದಿತ್ತು. ಅದನ್ನು ಹೇಳಿದರೆ ತಡೆ ಬೇಗ ತೆರೆಯುವುದಿಲ್ಲವೆಂದು ಹೇಳಿದಂತಾಗುತ್ತಿತ್ತು. ಸುಮ್ಮನಿದ್ದೆ. ಕೊನೆಯ ದಿನ ಕಳೆಯಿತು. ಯಾತ್ರೆಯಲ್ಲಿ ಅವರಿಬ್ಬರಿಗಿದ್ದ ಜಾಗ, ಕಾಯುತ್ತಿದ್ದ ಬೇರೆ ಯಾರಿಗೋ ಹೋಯಿತು.

ಕಾರಣ ಅವರಿಗೆ ಗೊತ್ತಾದದ್ದು ಪೇದೆಯೊಬ್ಬ ವಿಚಾರಣೆಗೆಂದು ಮನೆಗೆ ಹೋದಾಗ. ಆತ ಮರ್ಯಾದೆಯಿಂದಲೇ ಮಾತಾಡಿದನಂತೆ, ಚಹಾ ಕುಡಿದು ಹೋದನಂತೆ. ಆದರೆ ಅಕ್ಕಪಕ್ಕದ ನಾಲ್ಕು ಮನೆಗಳಲ್ಲಿಯೂ ವಿಚಾರಿಸಲೇಬೇಕಿತ್ತು, ವಿಚಾರಿಸಿದ. ಅಷ್ಟು ಸಾಕಾಯಿತು. ಕೆಲಸದವರನ್ನು ಕರೆತರಲು ಕಾಕನ ಜೀಪನ್ನೇ ಕರೆಯುತ್ತಿದ್ದ ಎಸ್ಟೇಟಿನವರು ಬೇರೆ ಗಾಡಿ ಗೊತ್ತು ಮಾಡಿದರು. ಬಿಸಿಲೆ ಘಾಟಿಗೆ ಪ್ರವಾಸಿಗರನ್ನು ಕಳಿಸುತ್ತಿದ್ದ ಹೋಂಸ್ಟೇ ಮಾಲೀಕರು ಫೋನ್ ಎತ್ತುವುದನ್ನು ಬಿಟ್ಟರು. ಯಾರೂ ಎದುರಿಗೆ ಒಂದು ಕೆಟ್ಟ ಮಾತು ಆಡಲಿಲ್ಲ. ಇಪ್ಪತ್ತೈದು ವರ್ಷ ಅವರ ಜೀಪಿನಲ್ಲಿ ಓಡಾಡಿದ ನಮ್ಮದೇ ಇಗರ್ಜಿಯ ಒಬ್ಬ ಹೆಂಗಸು, ಪೂಜೆ ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ನೀನು ಬ್ಯಾಂಕಲ್ಲಿ ಇದ್ದೀಯಲ್ಲ, ನಿಜವಾ ಅದು?" ಎಂದರು. "ಸುಳ್ಳು" ಎಂದೆ. "ಹಂಗಾದ್ರೆ ಪೊಲೀಸ್ ಯಾಕೆ ಬಂದಿದ್ದು?" ಎಂದರು.

ಆ ವಾರವೇ ಕಾಕ ನೇರವಾಗಿ ನನ್ನ ಮೇಜಿನ ಹತ್ತಿರ ಬಂದು ಕುಳಿತರು.

"ಅಮೆರಿಕದಲ್ಲಿ ಕೂತೋರಿಗೆ ನನ್ನ ಹೆಸ್ರು ಹೆಂಗೆ ಗೊತ್ತಾಯ್ತು ಮಗ?"

"ನಿಮ್ಮ ಹೆಸರಲ್ಲ ಕಾಕ. ಅದೇ ಹೆಸರಿನ ಇನ್ನೊಬ್ಬ."

"ಅವನು ಎಲ್ಲವ್ನೆ?"

ನಾನು ಪಟ್ಟಿ ತೆರೆದು, ಅದುವರೆಗೆ ಸರಿಯಾಗಿ ಓದಿರದ ಕೊನೆಯ ಸಾಲನ್ನು ಓದಿದೆ. ಆತ ಸತ್ತಿದ್ದಾನೆಂದು ವರದಿಯಿದೆ, ಖಚಿತವಾಗಿಲ್ಲ ಎಂದಿತ್ತು. ಸತ್ತದ್ದಕ್ಕೆ ಪುರಾವೆ ಇಟ್ಟು ಯಾರಾದರೂ ಕೇಳುವವರೆಗೆ, ಸಮಿತಿ ಒಪ್ಪುವವರೆಗೆ, ಹೆಸರು ಅಲ್ಲೇ ಇರುತ್ತದೆ. ಕಾಕನಿಗೆ ಅದನ್ನು ಹೇಳಿದೆ.

"ಪಾಪ, ಸತ್ತವನಿಗೂ ಬಿಡುಗಡೆ ಇಲ್ವಲ್ಲ" ಎಂದರು.

ಆಮೇಲಿನ ದಿನಗಳಲ್ಲಿ ನಾನು ನಿಯಮಗಳನ್ನೆಲ್ಲ ಓದಿದೆ. ಮೊದಲೇ ಓದಬೇಕಿತ್ತು. ಪಟ್ಟಿಯಲ್ಲಿರುವವನು ತನ್ನ ಹೆಸರು ತೆಗೆಯಿರೆಂದು ಕೇಳಲು ದಾರಿಯಿದೆ. ಹೆಸರು ಹೋಲಿದ್ದಕ್ಕೇ ಸಿಕ್ಕಿಬಿದ್ದವರು ಬರೆಯಲೂ ನ್ಯೂಯಾರ್ಕಿನಲ್ಲಿ ಒಂದು ವಿಳಾಸವಿದೆ. ನಮ್ಮ ದೇಶದೊಳಗೇ, ಬ್ಯಾಂಕಿನ ಮೂಲಕ ಮನವಿ ಕೊಡುವ ಕ್ರಮವೂ ಇದೆ. ಈ ಕೊನೆಯ ಎರಡನ್ನೂ ಬರೆದುಕೊಡುತ್ತೇನೆಂದು ಕಾಕನಿಗೆ ಹೇಳಿದೆ.

"ಇಲ್ಲಿಂದು ಬರಿ. ಆ ದೂರದ್ದು ಬೇಡ ಮಗ. ಅಲ್ಲಿಗೆ ಬರೆದ್ರೆ, ನಾನೇ ಹೋಗಿ ಅವನ ಹೆಸ್ರಿನ ಪಕ್ಕ ನನ್ನ ಹೆಸ್ರು ಇಟ್ಟಂಗೆ ಆಯ್ತದೆ."

ಶಾಲೆಯ ದಾಖಲೆ, ಪಡಿತರ ಚೀಟಿ, ಎಸ್ಟೇಟಿನ ಹಳೆಯ ಗೇಟ್ ಪುಸ್ತಕದ ನಕಲು, ಡ್ರೈವಿಂಗ್ ಲೈಸೆನ್ಸು ಎಲ್ಲವನ್ನೂ ಜೋಡಿಸಿ ಮನವಿ ಕಳಿಸಿದೆ. ಗೇಟ್ ಪುಸ್ತಕಕ್ಕಾಗಿ ನಾನೇ ವನಗೂರಿಗೆ ಹೋಗಿದ್ದೆ. ಅಪ್ಪನ ಕೈಬರಹದಲ್ಲಿ ಅವರ ಜೀಪು ಬಂದ ಹೊತ್ತು, ಹೋದ ಹೊತ್ತು ವರ್ಷಗಟ್ಟಲೆ ಇದ್ದವು. ಮನವಿ ಮೇಲಕ್ಕೆ ಹೋಯಿತು. ಎಲ್ಲಿ ನಿಂತಿತೆಂದು ಯಾರೂ ಹೇಳಲಿಲ್ಲ. ಫೋನ್ ಮಾಡಿದಾಗಲೆಲ್ಲ ಒಂದು ಕಚೇರಿ ಇನ್ನೊಂದರ ಹೆಸರು ಹೇಳಿತು. ನಿಜ ಹೇಳಬೇಕೆಂದರೆ ಅವರಲ್ಲಿ ಯಾರೂ ನನಗಿಂತ ಕೆಟ್ಟವರಾಗಿರಲಿಲ್ಲ. ನನ್ನ ಹಾಗೆಯೇ ಪ್ರತಿಯೊಬ್ಬರೂ ತಮ್ಮ ಸಹಿಯನ್ನು ಕಾಪಾಡಿಕೊಳ್ಳುತ್ತಿದ್ದರು.

ಯಾತ್ರಿಕರ ವಿಮಾನಗಳು ಹೋದವು, ತಿರುಗಿ ಬಂದವು. ಅದಾಗಿ ಒಂದು ತಿಂಗಳಿಗೆ ಪತ್ರ ಬಂತು. ಪಟ್ಟಿಯಲ್ಲಿರುವ ವ್ಯಕ್ತಿ ಇವರಲ್ಲ, ತಡೆ ತೆರೆಯಬಹುದು. ಒಂದೂವರೆ ಸಾಲು. ತಪ್ಪಾಯಿತು ಎಂಬ ಮಾತು ಎಲ್ಲಿಯೂ ಇರಲಿಲ್ಲ. ನಿಯಮದ ಪ್ರಕಾರ ತಪ್ಪೇನೂ ಆಗಿರಲಿಲ್ಲವಲ್ಲ.

ನಾನು ಪತ್ರದ ನಕಲು ಹಿಡಿದು ಅವರ ಮನೆಗೆ ಹೋದೆ. ಹೆಂಡತಿ ಮಂಚದ ಮೇಲೆ ಒರಗಿ ಕುಳಿತಿದ್ದರು, ಕಾಲು ಊದಿತ್ತು. "ಮುಂದಿನ ವರ್ಷ ಹೋಗಬಹುದು" ಎಂದು ನಾನು ಹೇಳಿದಾಗ ಆಕೆ ನನ್ನ ಕೈ ಹಿಡಿದು ನಕ್ಕರು. ಹೇಳಿದ ನನಗೂ ಕೇಳಿದ ಆಕೆಗೂ ಅದು ಆಗದ ಮಾತೆಂದು ಗೊತ್ತಿತ್ತು. ಎರಡು ತಿಂಗಳಲ್ಲಿ ಆಕೆ ತೀರಿಕೊಂಡರು. ಹೃದಯದ ಕಾಯಿಲೆ ಹಳೆಯದು. ಪಟ್ಟಿಯಿಂದ ಆಕೆ ಸತ್ತರೆಂದು ಯಾರೂ ಹೇಳಲಾರರು, ನಾನೂ ಹೇಳುವುದಿಲ್ಲ. ಹೋಗಿ ಬಂದು ಸಾಯಬಹುದಿತ್ತು, ಅಷ್ಟೇ.

ಮಣ್ಣಿಗೆ ಹೋಗಲಾಗಲಿಲ್ಲ, ಆ ದಿನ ತಪಾಸಣೆಯವರು ಬ್ಯಾಂಕಿಗೆ ಬಂದಿದ್ದರು. ಮೂರನೆಯ ದಿನ ಹೋದೆ. ಕಾಕ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ನನಗೂ ಒಂದು ಕುರ್ಚಿ ತರಿಸಿದರು. ಆಮೇಲೆ ಅವರು ಸಿಟ್ಟಿಲ್ಲದೆ, ದಾರಿ ಕೇಳುವವರ ಹಾಗೆ ಕೇಳಿದರು.

"ನಿಂಗೆ ನಾನು ಗೊತ್ತಿದ್ದೆ ಅಲ್ವಾ ಮಗ?"

"ಗೊತ್ತಿತ್ತು ಕಾಕ."

"ಅವತ್ತು ಬರೀಲಿಲ್ವಾ ಹಂಗಂತ?"

"ಬರೆದೆ. ಆಮೇಲೆ ಅಳಿಸಿದೆ."

ಅವರು ತಲೆಯಾಡಿಸಿದರು. ಬೈಯಲಿಲ್ಲ. ನಿನ್ನ ತಪ್ಪಿಲ್ಲ ಎಂದೂ ಹೇಳಲಿಲ್ಲ. ಎರಡರಲ್ಲಿ ಒಂದನ್ನಾದರೂ ಅಂದಿದ್ದರೆ ನಾನು ಎದ್ದು ಬರಬಹುದಿತ್ತು. ಕತ್ತಲಾಗುವ ಮುಂಚೆ ಕೊನೆಯ ಬಸ್ಸಿಗೆ ಅವರೇ ನನ್ನನ್ನು ಎಬ್ಬಿಸಿ ಕಳಿಸಿದರು.

ಮುಂದಿನ ತಿಂಗಳು ಅವರು ಖಾತೆ ಮುಚ್ಚಲು ಬಂದರು. ಜೀಪನ್ನು ಮಾರಿದ್ದರಂತೆ. ಆಲೂರಿನಲ್ಲಿ ಹೆಂಡತಿಯ ತಮ್ಮನ ಮನೆಗೆ ಹೊರಟಿದ್ದರು. ಒಬ್ಬನೇ ಯಾತ್ರೆಗೆ ಹೋಗುವುದಿಲ್ಲವೆಂದರು. ನಾನು ಒತ್ತಾಯಿಸಲಿಲ್ಲ. ಖಾತೆ ಮುಚ್ಚುವ ಅರ್ಜಿಯಲ್ಲಿ ಕಾರಣ ಬರೆಯಲು ಒಂದು ಸಾಲಿರುತ್ತದೆ.

"ಇಲ್ಲಿ ಏನು ಬರೀಲಿ ಕಾಕ?"

"ಹೆಸ್ರು ಸರಿ ಇಲ್ಲ ಅಂತ ಬರಿ."

ನಾನು "ಸ್ವಂತ ಕಾರಣ" ಎಂದು ಬರೆದೆ. ಅವರು ಕನ್ನಡಕ ಏರಿಸಿಕೊಂಡು ಅದನ್ನು ಓದಿ, ಆ ಉದ್ದನೆಯ ಹೆಸರನ್ನು ಅಕ್ಷರ ಅಕ್ಷರವಾಗಿ ಬರೆದು ಸಹಿ ಮಾಡಿದರು. ಪಾಸ್‌ಬುಕ್ಕನ್ನು ಮೇಜಿನ ಮೇಲೆ ಬಿಟ್ಟು ಎದ್ದರು.

ಇದೇ ಶಾಖೆಯಲ್ಲಿ ಇನ್ನೂ ಕೆಲಸ ಮಾಡುತ್ತಿದ್ದೇನೆ. ಪಟ್ಟಿ ತಿದ್ದುಪಡಿಯಾದಾಗಲೆಲ್ಲ ಸುತ್ತೋಲೆ ಬರುತ್ತದೆ, ಓದಿದ್ದೇನೆಂದು ಸಹಿ ಹಾಕುತ್ತೇನೆ. ಅಂಥದೊಂದು ಪಟ್ಟಿ ಬೇಡವೆನ್ನುವಷ್ಟು ದಡ್ಡಿ ನಾನಲ್ಲ. ಬಾಂಬು ಸಿಡಿದು ಸತ್ತವರ ಮನೆಗಳೂ ಇವೆ. ಆದರೆ ಕೆಂಪು ಸಾಲು ಬಂದಾಗ ನಾನು ಈಗ ಆ ವ್ಯಕ್ತಿಯ ಮುಖ ನೋಡುವುದಿಲ್ಲ. ಷರಾ ಬರೆಯುವ ಜಾಗವನ್ನು ಖಾಲಿ ಬಿಟ್ಟು ಮೇಲಕ್ಕೆ ಕಳಿಸುತ್ತೇನೆ. ಹಾಗೆ ಮಾಡುವುದು ಸುಲಭವಾಗಿದೆ ಎಂಬುದೇ ನನಗೆ ಹೇಳಿಕೊಳ್ಳಲು ಎಲ್ಲಕ್ಕಿಂತ ಕಷ್ಟವಾದದ್ದು.