ಪಿಲ್‌ಜುವಿನ ಅಂಗಳದ ಮಂಚ

ಪೆನ್ನು ಕೆಳಗಿಡಬೇಡ ಮಗಳೇ, ಈ ಅಜ್ಜಿ ಬರೆಸುತ್ತಿರುವ ಎದುರುಮನೆ ಪಿಲ್‌ಜುವಿನ ವಿಷಯ ಇನ್ನೂ ಮುಗಿದಿಲ್ಲ. ಅವನ ಅಂಗಳದಲ್ಲಿ ಆ ಅಗಲವಾದ ಮರದ ಮಂಚವಿದೆಯಲ್ಲ, ಬೇಸಿಗೆಯಿಡೀ ನಾವು ಹೆಂಗಸರು ಅಲ್ಲೇ ಇರುತ್ತಿದ್ದೆವು. ಜೋಳ ಸುಲಿಯುವುದು, ಕಲ್ಲಂಗಡಿ ಹೆಚ್ಚುವುದು, ಸೊಸೆಯರನ್ನು ಬೈಯುವುದು. ನಿಮ್ಮಮ್ಮನನ್ನೂ ಬೈದಿದ್ದೇನೆ, ಅದನ್ನು ಬರೆಯಬೇಡ. ಪಿಲ್‌ಜು ಲೋಟ ತಂದಿಟ್ಟು ಒಳಗೆ ಹೋಗಿಬಿಡುತ್ತಿದ್ದ. ಮಾತಾಡಿಸಿದರೆ ಅವನ ಕಿವಿ ಕೆಂಪಾಗುತ್ತಿತ್ತು. ನಾವು ಹೋಗುತ್ತಿದ್ದುದು ಅವನ ಹೆಂಡತಿ ಓಕ್ಸಿಮ್‌ಗಾಗಿ. ಈ ಮಳೆಗಾಲದಲ್ಲಿ ಅವಳು ತೀರಿಕೊಂಡ ಮೇಲೆ ಯಾರೂ ಅತ್ತ ಸುಳಿಯಲಿಲ್ಲ. ಗಂಡಸೊಬ್ಬನೇ ಇರುವ ಅಂಗಳದಲ್ಲಿ ಹೋಗಿ ಕೂರುವುದು ಹೇಗೆ?

ಚಳಿಗಾಲಕ್ಕೆಂದು ಎಲೆಕೋಸಿನ ಉಪ್ಪಿನಕಾಯಿ, ಕಿಮ್ಚಿ, ಹಾಕುವ ದಿನ ಮಾತ್ರ ಹೋದೆವು. ಉಪ್ಪು ಹಾಕಿದ ಎಲೆಕೋಸನ್ನು ಸೋರಹಾಕುವುದು ಯಾವಾಗಲೂ ಆ ಮಂಚದ ಮೇಲೆಯೇ. ಅದಾದ ಮೇಲೆ ಓಕ್ಸಿಮ್ ಹಲಗೆಗಳನ್ನು ಸಿಹಿನೀರಿನಲ್ಲಿ ತೊಳೆದು, ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಕಾಲುಗಳ ಕೆಳಗೆ ಇಟ್ಟಿಗೆ ಕೊಟ್ಟು, ಬುಡದಲ್ಲಿ ಗಾಳಿಯಾಡುವಂತೆ ಟಾರ್ಪಾಲು ಹೊದಿಸುತ್ತಿದ್ದಳು. ಇವನು? ನಾವು ಹೊರಟ ಕೂಡಲೇ, ಉಪ್ಪುನೀರು ಇನ್ನೂ ತೊಟ್ಟಿಕ್ಕುತ್ತಿರುವಾಗಲೇ, ಪ್ಲಾಸ್ಟಿಕ್ಕು ಸುತ್ತಿ ಹಗ್ಗ ಬಿಗಿದುಬಿಟ್ಟಿದ್ದ. ನಾನೊಬ್ಬಳೇ ತಿರುಗಿ ಹೋಗಿ ಗದರಿದೆ.

"ಏನಯ್ಯ, ಮಂಚದ್ದೂ ಕಿಮ್ಚಿ ಹಾಕ್ತಿದೀಯಾ? ಹಿಮ ಕರಗೋ ಹೊತ್ತಿಗೆ ಒಳಗೇ ಕೊಳ್ತು ಹೋಗಿರುತ್ತೆ. ಬಿಚ್ಚು!"

"ಬಿಚ್ಚಿದ್ರೆ, ಬೆಳಗ್ಗೆ ಬಾಗ್ಲು ತೆಗೆದ ಕೂಡ್ಲೇ ಖಾಲಿ ಮಂಚ ಕಾಣುತ್ತೆ ಅಕ್ಕಾ."

ನಾನೇ ಬಗ್ಗಿ ಗಂಟು ಬಿಚ್ಚಲು ಹೋದೆ. ಚಳಿಗೆ ಮಂಡಿ ಬೇರೆ ಹಿಡಿದುಕೊಂಡಿತ್ತು. ನಿಮ್ಮಪ್ಪ ತಂದ ಆ ಮುಲಾಮಿನಿಂದ ಏನೂ ಪ್ರಯೋಜನವಿಲ್ಲ.

"ಕೊಳೆತ್ರೆ ಕೊಳೀಲಿ ಬಿಡಿ," ಎಂದ. "ಇನ್ಯಾರು ಬರ್ತಾರೆ ಕೂರೋಕೆ?"

"ಆ ಮೂಲೆ ಜಾಗ ನಾನು ಈ ಊರಿಗೆ ಬಂದಾಗಿಂದ ನಂದು. ಹಲಗೆ ಮುರಿದು ಬಿದ್ರೆ ನನ್ನನ್ನ ಎತ್ತೋನು ನೀನೇನಾ? ನನ್ನ ತೂಕ ನೋಡಿದೀಯಾ?"

ಅವನು ನಗಲಿಲ್ಲ. ಬಾಗಿಲು ಹಾಕಿಕೊಂಡ.

ಆದರೆ ಇವತ್ತು ಅವನ ಅಂಗಳದ ಗೋಡೆಯಾಚೆ ಇಣುಕಿದರೆ ಪ್ಲಾಸ್ಟಿಕ್ಕು ಬಿಚ್ಚಿತ್ತು. ಹಲಗೆಗಳು ತೊಳೆದು ಒಣಗಿದ್ದವು. ಎಂದೂ ಅಲ್ಲಿ ಕೂರದವನು ಅಂಚಿನಲ್ಲಿ ಕೂತಿದ್ದ, ಯಾರದೋ ಮನೆಗೆ ಬಂದ ನೆಂಟನ ಹಾಗೆ, ಚಪ್ಪಲಿ ಕೂಡ ಬಿಡದೆ. ಮಡಿಸಿದ ಟಾರ್ಪಾಲು ತೊಡೆಯ ಮೇಲಿತ್ತು. ಮಂಚ ಎತ್ತುವವನೂ ಇಟ್ಟಿಗೆ ತೂರಿಸುವವನೂ ಒಬ್ಬನೇ ಆದರೆ ಆಗುವ ಕೆಲಸವಲ್ಲ ಅದು. ಬೇರೆಯವರನ್ನು ಕರೆಯುವ ಬಾಯಿ ಅವನಿಗಿಲ್ಲ.

ಬೆಟ್ಟದ ಕಡೆ ಮೋಡ ನೋಡು, ಹಿಮ ಬೀಳುವ ಹಾಗಿದೆ. ಸಾಕು, ಪೆನ್ನು ಇಡು. ನಮ್ಮ ಹಿತ್ತಲಲ್ಲಿ ಇಟ್ಟಿಗೆ ಇವೆ, ನಾಲ್ಕು ತೆಗೆದುಕೊಂಡು ಹೋಗು. ಅವನು ಎತ್ತಲಿ, ನೀನು ತೂರಿಸು. ನನ್ನ ಮೂಲೆಗೆ ಗಟ್ಟಿ ಇಟ್ಟಿಗೆಯನ್ನೇ ಇಡು.