ಮದ್ದು ಆಗ್ತಾ ಉಂಟು ಎಂದಿದ್ದೆ

ಸುಮತಿ, ನಿಮ್ಮ ಅಮ್ಮ ಗಿರಿಜಕ್ಕನಿಗೆ ನಾನು ಸುಳ್ಳು ಹೇಳಿದ್ದೆ. ಅವರು ತೀರಿಕೊಂಡ ಮೇಲೆ ನಿಮ್ಮೆದುರು ಸುಮ್ಮನಿದ್ದೆ — ಅದು ಇನ್ನೂ ದೊಡ್ಡ ಸುಳ್ಳು.

ಆಗ ನಾನು ಮಣಿಪಾಲದ ಒಂದು ಪ್ರಯೋಗಾಲಯದಲ್ಲಿ ಕ್ಯಾನ್ಸರ್ ಕುರಿತು ಸಂಶೋಧನೆ ಮಾಡುತ್ತಿದ್ದೆ. ಅಂಡಾಶಯದ ಗಡ್ಡೆಯಿಂದಾಗಿ ಗಿರಿಜಕ್ಕನ ಹೊಟ್ಟೆಯಲ್ಲಿ ನೀರು ತುಂಬುತ್ತಿತ್ತು. ವೈದ್ಯರು ಅದನ್ನು ತೆಗೆದಾಗ ಒಂದು ಬಾಟಲಿಯಷ್ಟನ್ನು, ಅವರ ಒಪ್ಪಿಗೆ ಕೇಳಿ, ನಾನು ಒಯ್ಯುತ್ತಿದ್ದೆ. ಅದರಲ್ಲಿ ನನಗೆ ಬೇಕಾದ ಜೀವಕೋಶಗಳಿದ್ದವು — ರೋಗದಿಂದ ನಮ್ಮನ್ನು ಕಾಯಬೇಕಾದವು, ಗಡ್ಡೆಯ ಹತ್ತಿರ ಸೇರಿದ ಮೇಲೆ ಅದನ್ನೇ ಬೆಳೆಸತೊಡಗುವಂಥವು. ಗಡ್ಡೆ ಸ್ರವಿಸುವ ಯಾವ ಪ್ರೋಟೀನು ಅವನ್ನು ಹಾಗೆ ಬದಲಿಸುತ್ತದೆ ಎಂಬುದು ನನ್ನ ಪ್ರಶ್ನೆ. ಉತ್ತರ ಸಿಕ್ಕಿದರೂ ಅದು ಮದ್ದಾಗಿ ಬರಲು ಎಷ್ಟೋ ವರ್ಷ ಬೇಕು. ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಮೊದಲ ಸಲ ನೀವು ಮಾತ್ರೆ ತರಲು ಕೆಳಗೆ ಹೋಗಿದ್ದಿರಿ. ಗಿರಿಜಕ್ಕ ಬಾಟಲಿ ನೋಡಿ ಕೇಳಿದರು: “ಇದನ್ನು ಕೊಂಡುಹೋಗಿ ಎಂತ ಮಾಡ್ತೀರಿ ಮೇಡಂ? ನನಗೆ ಮದ್ದು ಮಾಡ್ಲಿಕ್ಕಾ?”

ಅವರ ಮುಖದಲ್ಲಿ ಅಷ್ಟು ಆಸೆ — ಅಲ್ಲ, ಅದನ್ನು ಕಂಡು ಕರಗಿದೆ ಎಂದರೆ ಮತ್ತೊಂದು ಸುಳ್ಳಾದೀತು. ನಿಜ ಹೇಳಿದರೆ ಮುಂದಿನ ಸಲ ಕೊಡಲಿಕ್ಕಿಲ್ಲ ಎಂದು ಹೆದರಿದೆ.

“ಹೌದು ಅಕ್ಕ. ಆಗ್ತಾ ಉಂಟು.”

ಕೆಲವು ತಿಂಗಳ ಮೇಲೆ ವೈದ್ಯರು ಕೈಚೆಲ್ಲಿದರು. ಇನ್ನು ಕಾರ್ಕಳದಲ್ಲಿ ಮಗಳ ಮನೆಯಲ್ಲಿರಲಿ, ನೀರು ತೆಗೆಸುವುದು ಅಲ್ಲೇ ಆಗುತ್ತದೆ ಎಂದರು. ನೀವು ಎಷ್ಟು ಕರೆದರೂ ಅವರು ಉದ್ಯಾವರದ ತಮ್ಮ ಮನೆ ಬಿಡಲಿಲ್ಲ. ಉಬ್ಬಿದ ಹೊಟ್ಟೆ ಹಿಡಿದುಕೊಂಡು, ಉಡುಪಿಯಲ್ಲಿ ಬಸ್ಸು ಬದಲಿಸಿ, ಒಬ್ಬರೇ ಮಣಿಪಾಲಕ್ಕೆ ಬರುತ್ತಿದ್ದರು. ಕಟಪಾಡಿಯಲ್ಲಿ ಮೀನು ಮಾರುತ್ತಿದ್ದ ಕಾಲದಿಂದ ಕಂಡಕ್ಟರುಗಳೆಲ್ಲ ಪರಿಚಯ, ಸೀಟು ಮಾಡಿಕೊಡುತ್ತಾರೆ ಎಂದು ನಗುತ್ತಿದ್ದರು.

ಮಗಳ ಮನೆಗೆ ಯಾಕೆ ಹೋಗುವುದಿಲ್ಲ ಎಂದು ಒಮ್ಮೆ ನಾನೇ ಕೇಳಿದೆ.

“ಮದ್ದು ಆಗ್ಲಿ, ಹುಷಾರಾಗಿಯೇ ಹೋಗ್ತೇನೆ. ಹೋಗಿ ಮಲಗಿಕೊಂಡ್ರೆ ಅವಳಿಗೆ ಕಷ್ಟ ಅಲ್ವಾ? ಹೋದ ದಿನವೇ ಬೂತಾಯಿ ಮೀನಿನ ಪುಳಿಮುಂಚಿ ಸಾರು ಮಾಡಿ ಹಾಕ್ಬೇಕು ಅವಳಿಗೆ.”

ಆಗಲಾದರೂ ಹೇಳಬಹುದಿತ್ತು. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಆದರೆ ನನಗೆ ಇನ್ನೊಂದು ಬಾಟಲಿ ಬೇಕಿತ್ತು… “ಮುಂದಿನ ವಾರ ಬನ್ನಿ ಅಕ್ಕ” ಎಂದೆ.

ಮುಂದಿನ ವಾರ ಅವರು ಬರಲಿಲ್ಲ. ನೆರೆಮನೆಯವರು ಫೋನ್ ಮಾಡಿ, ನೀವು ಕಾರ್ಕಳದಿಂದ ಉದ್ಯಾವರಕ್ಕೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಆಮೇಲೆ ಆಸ್ಪತ್ರೆಯ ವರಾಂಡದಲ್ಲಿ ಸಿಕ್ಕಿದಿರಿ. “ಅಮ್ಮನಿಗೆ ನನ್ನ ಮನೆಗೆ ಬರ್ಲಿಕ್ಕೆ ಇಷ್ಟವೇ ಇರ್ಲಿಲ್ಲ ಮೇಡಂ. ನಾನು ಎಂತ ತಪ್ಪು ಮಾಡಿದೆನೋ” ಎಂದಿರಿ. ನಾನು ನಿಮ್ಮ ಕೈ ಹಿಡಿದುಕೊಂಡೆ, ಬಾಯಿ ತೆರೆಯಲಿಲ್ಲ. ಆ ಜೀವಕೋಶಗಳಿಂದ ನನ್ನ ಪ್ರಬಂಧ ಮುಗಿಯಿತು, ಹೆಸರಿನ ಮುಂದೆ ಡಾಕ್ಟರ್ ಎಂದು ಸೇರಿತು. ನೀವು ಇಷ್ಟು ವರ್ಷ ಆ ಮಾತನ್ನು ಎದೆಯಲ್ಲಿಟ್ಟುಕೊಂಡು ಬದುಕಿರಬಹುದು ಎಂದು ಗೊತ್ತಿದ್ದೂ ನಾನು ಬರಲಿಲ್ಲ.

ಕ್ಷಮಿಸಿ ಎಂದು ಕೇಳುವುದಿಲ್ಲ. ನೀವು ಯಾವ ತಪ್ಪನ್ನೂ ಮಾಡಿರಲಿಲ್ಲ, ಸುಮತಿ. ನಿಮ್ಮ ಬಳಿ ಬರಬೇಕೆಂದೇ ಅವರು ನನ್ನ ಬಳಿ ಬರುತ್ತಿದ್ದರು.