ನಾಲ್ಕನೆಯ ಉಪಗ್ರಹ

ಬೇಲೂರಿನ ಕಡೆ ಊರಿಗೆ ಬರುವ ಕಾಡಾನೆಗಳ ಮೇಲೆ ಕಣ್ಣಿಡುವ ಕೆಲಸಕ್ಕೆ ನಾನು ಸೇರಿದಾಗ ಜೊತೆಗಿದ್ದವರು ಅರಣ್ಯ ಇಲಾಖೆಯ ಒಬ್ಬ ಹಿರಿಯ ವಾಚರ್. ಆನೆ ಇರುವ ಜಾಗವನ್ನು ಕೈಲಿ ಹಿಡಿಯುವ ಜಿಪಿಎಸ್‌ನಲ್ಲಿ ನೋಡಿ ವೈರ್‌ಲೆಸ್‌ನಲ್ಲಿ ತಿಳಿಸಿದರೆ, ಸುತ್ತಲ ಊರುಗಳ ಮೊಬೈಲಿಗೆ ಎಚ್ಚರಿಕೆ ಹೋಗುತ್ತಿತ್ತು. ಯಂತ್ರ ಹಳೆಯದು, ಜಾಗದ ಅಂಕಿ ಉಳಿಸಿಕೊಳ್ಳುವ ಗುಂಡಿ ಕೆಟ್ಟಿತ್ತು. ಅವರು ಓದುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ.

ಸಿಗ್ನಲ್ ಸಿಗದಿದ್ದರೆ ನಾನು ಅದನ್ನು ಕುಲುಕುತ್ತಿದ್ದೆ, ಆಫ್ ಮಾಡಿ ಆನ್ ಮಾಡುತ್ತಿದ್ದೆ. ಅವರು ಮೆಲ್ಲಗೆ ಈಸಿಕೊಂಡು, ತುಂಬಿದ ಹಾಲಿನ ಲೋಟದ ಹಾಗೆ ಅಂಗೈ ಮೇಲಿಟ್ಟುಕೊಂಡು, "ಅದಕ್ಕೆ ಆಕಾಶ ಕಾಣ್ಬೇಕು ಕಣ್ರೀ" ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಮಾದಿಹಳ್ಳಿಯ ಹತ್ತಿರ ಒಂಟಿ ಸಲಗವೊಂದು ಗದ್ದೆಯಂಚಿನಲ್ಲಿ ನಿಂತಿತ್ತು. ನಾವು ಹಲಸಿನ ಮರದಡಿ ಅಡಗಿದ್ದೆವು. ಶಾಲೆ ಬಿಡುವ ಹೊತ್ತು. ಮಕ್ಕಳು ಬರುವುದು ಅದೇ ದಾರಿಯಲ್ಲಿ. ಎಲೆಗಳ ಕೆಳಗೆ ಒಂದು ಉಪಗ್ರಹವೂ ಸಿಗಲಿಲ್ಲ. ಅವರು ಚಪ್ಪಲಿ ಬಿಟ್ಟು, ಹತ್ತು ಹೆಜ್ಜೆ ಆಚೆಯ ಬಯಲಿಗೆ ನಡೆದರು.

"ಎರಡು ಬಂತು... ಮೂರು..."

ಜಾಗದ ಅಂಕಿ ತೋರಿಸಬೇಕಾದರೆ ನಾಲ್ಕು ಉಪಗ್ರಹ ಬರಲೇಬೇಕು. ಸಲಗ ಕಿವಿ ಬೀಸುವುದನ್ನು ನಿಲ್ಲಿಸಿತು. ಅವರು ಕದಲಲಿಲ್ಲ. ನಾಲ್ಕನೆಯದು ಬಂದಾಗ ಅಂಕಿಗಳನ್ನು ಪಿಸುದನಿಯಲ್ಲಿ ಒಂದೊಂದಾಗಿ ಹೇಳಿ, ಬೆನ್ನು ತಿರುಗಿಸದೆ ಹಿಂದಕ್ಕೆ ಹೆಜ್ಜೆಯಿಡುತ್ತ ಮರದಡಿಗೆ ಬಂದರು. ಅಂಗಿ ಬೆವರಿಗೆ ಮೈಗಂಟಿತ್ತು. ಯಂತ್ರದ ಪರದೆ ಮತ್ತೆ ಖಾಲಿಯಾಗಿತ್ತು.

"ಬರ್ಕೊಂಡ್ರಾ?"

ಪುಸ್ತಕದಲ್ಲಿ ಒಂದಂಕಿಯೂ ಇರಲಿಲ್ಲ. ಅವರು ಬಯಲಿಗೆ ಕಾಲಿಟ್ಟಾಗಲೇ ನನ್ನ ಕೈ ಮರಗಟ್ಟಿತ್ತು.

ಅವರು ಪುಸ್ತಕ ನೋಡಿದರು. ದೂರದಲ್ಲಿ ಶಾಲೆಯ ಗಂಟೆ ಹೊಡೆಯಿತು.

"ಈ ಸಲ ನಿಧಾನಕ್ಕೆ ಹೇಳ್ತೀನಿ," ಎಂದು ಮತ್ತೆ ಬಯಲಿಗೆ ನಡೆದರು.